ಉಳ್ಳಾಗಡ್ಡಿ ಸಿಪ್ಪೆಗೆ ಬಿಸಿನೀರೇ ಸಾಕು

ಹೊಸಪೇಟೆಯ ಒಗ್ಗರಣಿ-ಮಿರ್ಚಿ ಅಂಗಡಿಗಳ ಹಿಂದೆ ದಿನಾ ಚೀಲಗಟ್ಟಲೆ ಉಳ್ಳಾಗಡ್ಡಿ ಸಿಪ್ಪೆ ಬೀಳುತ್ತದೆ. ಕೇಳಿ ತನ್ನಿ. ಅದರಲ್ಲಿರುವ ಕ್ವೆರ್ಸೆಟಿನ್ ಹತ್ತಿ ಬಟ್ಟೆಗೆ ಜೇನಿನಂಥ ಹಳದಿ ಬಣ್ಣ ಕೊಡುತ್ತದೆ. ಕಾರ್ಖಾನೆಗಳಲ್ಲಿ ಸಸ್ಯಸಾರ ತೆಗೆಯಲು ಪೆಟ್ರೋಲಿಯಂ ಮೂಲದ ಹೆಕ್ಸೇನ್ ಬಳಸುವುದುಂಟು. ಅದಕ್ಕೆ ಬದಲಾಗಿ ‘ಹಸಿರು ದ್ರಾವಕ’ ಎಂದು ಈಗ ಹೇಳುವ ಪಟ್ಟಿಯಲ್ಲಿ ಮೊದಲು ನಿಲ್ಲುವುದು ನಮ್ಮ ನಲ್ಲಿ ನೀರು!

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯಲ್ಲಿ 1,755 ಕಸೂತಿ ತುಣುಕುಗಳು ಗಿನ್ನೆಸ್ ದಾಖಲೆಗೆ ಸೇರಿದವು. ಅಂಥ ಕಸೂತಿಗೆ ಹಾಸುಬಟ್ಟೆ ಬಣ್ಣ ಮಾಡಿಕೊಳ್ಳಲು ಈ ಸಿಪ್ಪೆ ಚೆನ್ನಾಗಿ ಒದಗುತ್ತದೆ.

100 ಗ್ರಾಂ ಬಟ್ಟೆಗೆ 50 ಗ್ರಾಂ ಒಣ ಸಿಪ್ಪೆ ಬೇಕು. ಹಗುರ ನೋಡಿ, ದೊಡ್ಡ ಡಬರಿ ತುಂಬುತ್ತದೆ. ಕೊಳೆತದ್ದನ್ನು ಆರಿಸಿ ಬಿಸಾಕಿ.

ಮೊದಲು ಬಟ್ಟೆಯನ್ನು ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಕುದಿಸಿ. ಗಂಜಿ ಉಳಿದರೆ ಬಣ್ಣ ಪಟ್ಟೆಪಟ್ಟೆಯಾಗಿ ಹತ್ತುತ್ತದೆ. ಆಮೇಲೆ ಜ್ಯೂಸ್ ಅಂಗಡಿಯ ದಾಳಿಂಬೆ ಸಿಪ್ಪೆ ಒಣಗಿಸಿ, 20 ಗ್ರಾಂ ಪುಡಿಯನ್ನು ಬಿಸಿನೀರಿಗೆ ಹಾಕಿ, ಸೋಸಿ, ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ. ಕಂಪ್ಲಿಯ ಬಾಳೆ ತೋಟದವರ ಅಂಗಿಗೆ ಬಿದ್ದ ಬಾಳೆ ಕಲೆ ಎಷ್ಟು ತೊಳೆದರೂ ಹೋಗದಲ್ಲ, ಅಂಥದೇ ಒಗರಿನ ಟ್ಯಾನಿನ್ ಇದರಲ್ಲೂ ಇದೆ. ಮರುದಿನ ಬಟ್ಟೆ ಹಿಂಡಿ, ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕವನ್ನು 15 ಗ್ರಾಂ ಕರಗಿಸಿದ ನೀರಿನಲ್ಲಿ ಎರಡು ಗಂಟೆ ಇಡಿ. ಬಣ್ಣವನ್ನು ನೂಲಿಗೆ ಕಚ್ಚಿಸುವುದು ಇದೇ.

ಸಿಪ್ಪೆಯನ್ನು ಹಿಂದಿನ ರಾತ್ರಿಯೇ ಮೂರು ಲೀಟರ್ ನೀರಿನಲ್ಲಿ ನೆನೆಹಾಕಿರಬೇಕು. ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕಾಯಿಸಿ, ಕೊತಕೊತ ಕುದಿಸಬೇಡಿ. ಸೋಸಿದ ರಸ ಕಡು ಚಹಾದಂತಿರುತ್ತದೆ. ಒದ್ದೆ ಬಟ್ಟೆಯನ್ನು ಅದರಲ್ಲಿ ಮುಳುಗಿಸಿ ಮತ್ತೆ ಮುಕ್ಕಾಲು ಗಂಟೆ ಕೈಯಾಡಿಸುತ್ತ ಕಾಯಿಸಿ, ಅಲ್ಲೇ ಆರಲು ಬಿಡಿ. ಈ ಪಾತ್ರೆ ಮತ್ತೆ ಅಡುಗೆಗೆ ಬೇಡ.

ನಾನೊಮ್ಮೆ ತುಕ್ಕು ಹಿಡಿದ ಬಕೆಟ್ಟಿನಲ್ಲಿ ಜಾಲಿಸಿದೆ. ಹಳದಿ ದುಪಟ್ಟಾ ಪಾಚಿಗಟ್ಟಿದಂತಾಯಿತು. ಅದೇ ಬಣ್ಣ ಬೇಕೆಂದರೆ ಒಂದೆರಡು ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ) ಸಾಕು, ಹೆಚ್ಚಾದರೆ ನೂಲು ಸವೆಯುತ್ತದೆ.

ಟೊಮೆಟೊ ಸಿಪ್ಪೆಗೆ ಈ ದಾರಿ ನಡೆಯದು. ಅದರ ಕೆಂಪು ಲೈಕೋಪೀನ್ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಗೊಜ್ಜಿನ ಅಂಚಿನಲ್ಲಿ ನಿಲ್ಲುವ ಕೆಂಪೆಣ್ಣೆ ನೆನಪಿಸಿಕೊಳ್ಳಿ.

ಬಟ್ಟೆ ಒಣಗಿಸುವುದು ನೆರಳಲ್ಲೇ. ಉಳ್ಳಾಗಡ್ಡಿ ಬಣ್ಣ ನಮ್ಮ ಬಿಸಿಲಿಗೆ ಬೇಗ ಮಾಸುತ್ತದೆ. ಕಿಟಕಿ ಪರದೆಗೆ ಬೇಡ, ಚೀಲದ ಒಳಪದರಕ್ಕೋ ದಿಂಬಿನ ಕವರಿಗೋ ಬಳಸಿ.