ನೋಟಿನ ಮೇಲಿನ ನಕ್ಷತ್ರಕ್ಕೆ ಬೆಲೆ ಎಷ್ಟು?

ನಕ್ಷತ್ರವಿರುವ ನೋಟು ಹಿಡಿದು ನನ್ನ ಬಳಿ ಬರುವವರು ಎರಡು ಪ್ರಶ್ನೆ ಕೇಳುತ್ತಾರೆ. ಇದು ಖೋಟಾ ನೋಟೇ? ಮಾರಿದರೆ ಲಕ್ಷ ಸಿಗುತ್ತದೆಯೇ? ಎರಡಕ್ಕೂ ನನ್ನ ಉತ್ತರ ಒಂದೇ: ಇಲ್ಲ.

ಮುದ್ರಣದಲ್ಲಿ ಕೆಟ್ಟ ನೋಟನ್ನು ತೆಗೆದಾಗ ನೂರರ ಕಟ್ಟಿನಲ್ಲಿ ಒಂದು ಕಡಿಮೆಯಾಗುತ್ತದೆ. ಆ ಜಾಗಕ್ಕೆ ಬೇರೆ ಸಂಖ್ಯೆಯ ನೋಟು ಸೇರಿಸುತ್ತಾರೆ. ಅದರ ಗುರುತೇ ಸಂಖ್ಯೆಯ ಮುಂಭಾಗದ ಅಕ್ಷರಗಳಿಗೂ ಅಂಕಿಗಳಿಗೂ ನಡುವಿನ ನಕ್ಷತ್ರ. ರಿಸರ್ವ್ ಬ್ಯಾಂಕ್ 2006ರಲ್ಲಿ 10, 20, 50 ರೂಪಾಯಿ ನೋಟುಗಳಲ್ಲಿ ಈ ಪದ್ಧತಿ ತಂದಿತು. 2016ರ ಡಿಸೆಂಬರ್‌ನಲ್ಲಿ ಹೊಸ 500ರ ನೋಟಿಗೂ ವಿಸ್ತರಿಸಿತು. ಇವೂ ಉಳಿದ ನೋಟುಗಳಷ್ಟೇ ಮಾನ್ಯವೆಂದು 2023ರ ಜುಲೈನಲ್ಲಿ ಸ್ಪಷ್ಟಪಡಿಸಿತು.

ಸಂಗ್ರಾಹಕರು ಮೂರು ಅಂಶ ನೋಡುತ್ತಾರೆ: ನೋಟು ಎಷ್ಟು ವಿರಳ, ಎಷ್ಟು ಹೊಸದಾಗಿದೆ, ಬೇಡಿಕೆ ಎಷ್ಟಿದೆ. ಮಡಿಕೆ ಬಿದ್ದ, ಕಲೆಯಾದ ಸಾಮಾನ್ಯ ನೋಟಿಗೆ ಮುಖಬೆಲೆಯೇ ಬೆಲೆ.

ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಎತ್ತಿಡುವ 786ರ ನೋಟನ್ನೇ ತೆಗೆದುಕೊಳ್ಳಿ. ನೋಟಿನ ಸಂಖ್ಯೆ ಆರು ಅಂಕಿಯದು. ಲೆಕ್ಕ ಹಾಕಿ: ಪ್ರತಿ ಸಾವಿರ ಸಂಖ್ಯೆಗಳಲ್ಲಿ ಒಂದು 786ರಲ್ಲಿ ಮುಗಿಯುತ್ತದೆ. ಅದಕ್ಕೆ ಬೇಡಿಕೆ ಇದೆ, ನಿಜ. ಆದರೆ ಅದು ವಿರಳವಲ್ಲ. ಲಕ್ಷದ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಆದರೂ ಲಕ್ಷದ ಆಸೆ ತೋರಿಸಿ, ಮೊದಲು 'ಶುಲ್ಕ' ಕಟ್ಟಿ ಎನ್ನುವವರಿದ್ದಾರೆ. ತನ್ನ ಹೆಸರಿನಲ್ಲಿ ಹೀಗೆ ಹಣ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಇದನ್ನು ಮನೆಯವರಿಗೂ ತಿಳಿಸಿ. ನಿಜವಾಗಿ ಕೊಳ್ಳುವವನು ನಿಮಗೆ ಹಣ ಕೊಡುತ್ತಾನೆ, ನಿಮ್ಮಿಂದ ಕೇಳುವುದಿಲ್ಲ.