ಖರೀದಿ ಪಟ್ಟಿಯಲ್ಲಿ ಎರಡು ಬಾರಿ ನುಸುಳಿದ ಬಿಲ್ಲು: ‘ಸಾರ್ಟ್’ ಆದೇಶದ ಬಳಕೆ

ಒಂದೇ ಖರೀದಿ ಬಿಲ್ಲು ಲೆಕ್ಕದಲ್ಲಿ ಎರಡು ಬಾರಿ ಸೇರಿದರೆ ಇನ್‌ಪುಟ್ ತೆರಿಗೆ ಜಮೆಯನ್ನೂ ಎರಡು ಬಾರಿ ಪಡೆದಂತಾಗುತ್ತದೆ. ಹೀಗೆ ತಪ್ಪಾಗಿ ಪಡೆದು ಬಳಸಿದ ಮೊತ್ತಕ್ಕೆ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 50ನೆಯ ಪ್ರಕರಣದನ್ವಯ ವಾರ್ಷಿಕ ಶೇ. 18ರ ಬಡ್ಡಿ ತೆರಬೇಕಾಗುತ್ತದೆ. ಜಯನಗರದ ಸಣ್ಣ ಅಂಗಡಿಯೊಂದರ ತಿಂಗಳ ಬಿಲ್ಲುಗಳಲ್ಲಿ ಇಂತಹ ತಪ್ಪನ್ನು ಕಣ್ಣಾಡಿಸಿಯೇ ಹಿಡಿಯಬಹುದು. ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯ ಘಟಕವೊಂದರ ಇಡೀ ವರ್ಷದ ಪಟ್ಟಿಯಲ್ಲಿ ಅದು ಆಗದ ಮಾತು. ಅಲ್ಲಿ ನೆರವಿಗೆ ಬರುವುದು ಗಣಕಯಂತ್ರಕ್ಕೆ ಅಕ್ಷರಗಳಲ್ಲೇ ಬರೆದು ನೀಡುವ ‘ಸಾರ್ಟ್’ ಎಂಬ ಆದೇಶ. ಲಿನಕ್ಸ್‌ನಲ್ಲಿ ಇದು ಜೊತೆಗೇ ಬರುತ್ತದೆ. ಬೇರೆ ತಂತ್ರಾಂಶ ಕೊಳ್ಳಬೇಕಿಲ್ಲ. ವಿಂಡೋಸ್‌ನಲ್ಲಿಯೂ ಇದೇ ಹೆಸರಿನ ಆದೇಶವಿದೆಯಾದರೂ ಅದರ ಶಕ್ತಿ ಕಡಿಮೆ. ವಿಂಡೋಸ್ 10 ಮತ್ತು 11ರ ಒಳಗೆ ಲಿನಕ್ಸನ್ನು ಸ್ಥಾಪಿಸಿಕೊಳ್ಳಲು ಅವಕಾಶವಿರುವುದರಿಂದ ಅದೇ ಉತ್ತಮ ಮಾರ್ಗ.

ಸಾರ್ಟ್ ಸಾಲುಗಳನ್ನು ಎಡದಿಂದ ಒಂದೊಂದೇ ಅಕ್ಷರವಾಗಿ ಹೋಲಿಸುತ್ತದೆ. ಬೆಲೆ ಅದಕ್ಕೆ ತಿಳಿಯದು. ಆದ್ದರಿಂದ 9, 10, 100 ಎಂಬ ಸಂಖ್ಯೆಗಳು 10, 100, 9 ಎಂದು ನಿಲ್ಲುತ್ತವೆ. ಆದೇಶದ ಮುಂದೆ ಅಡ್ಡಗೆರೆಯೊಡನೆ ಸಣ್ಣ ‘ಎನ್’ ಅಕ್ಷರ ಸೇರಿಸಿದರೆ ಮಾತ್ರ ಸಂಖ್ಯೆಯೆಂದು ಎಣಿಸುತ್ತದೆ. ಬನಶಂಕರಿ 2ನೆಯ ಹಂತದ 560070, ಜೆ.ಪಿ. ನಗರದ 560078 ಮುಂತಾದ ಪಿನ್‌ಕೋಡುಗಳಿಗೆ ಈ ತೊಡಕಿಲ್ಲ, ಎಲ್ಲವೂ ಆರೇ ಅಂಕಿ. ಹದಿನೈದು ಅಕ್ಷರಗಳ ಜಿಎಸ್‌ಟಿ ನೋಂದಣಿ ಸಂಖ್ಯೆಗೂ ಇಲ್ಲ. ದಿನಾಂಕವನ್ನು ಮಾತ್ರ 2024-04-01 ಎಂದು ವರ್ಷ ಮೊದಲಾಗಿ ಬರೆಯಬೇಕು; ಇಲ್ಲವಾದರೆ ಎಲ್ಲ ತಿಂಗಳ ಒಂದನೆಯ ತಾರೀಖುಗಳು ಒಂದೆಡೆ ಸೇರುತ್ತವೆ.

ಇನ್ನು ಮುಖ್ಯ ಕೆಲಸ. ನಿಯಮ 46ರ ಪ್ರಕಾರ ಬಿಲ್ಲಿನ ಸಂಖ್ಯೆ ಹದಿನಾರು ಅಕ್ಷರಗಳನ್ನು ಮೀರುವಂತಿಲ್ಲ. ಒಂದೇ ಹಣಕಾಸು ವರ್ಷದಲ್ಲಿ ಮರುಕಳಿಸುವಂತೆಯೂ ಇಲ್ಲ. ಹೀಗಾಗಿ ಮಾರಾಟಗಾರನ ನೋಂದಣಿ ಸಂಖ್ಯೆ ಹಾಗೂ ಬಿಲ್ಲಿನ ಸಂಖ್ಯೆ ಎರಡೂ ಕೂಡಿದರೆ ಪ್ರತಿ ಬಿಲ್ಲಿಗೂ ಸಿಗುವ ಗುರುತು ಒಂದೇ. ಒಂದು ವರ್ಷದ ಪಟ್ಟಿಯಲ್ಲಿ ಈ ಎರಡನ್ನು ಮೊದಲ ಎರಡು ಅಂಕಣಗಳಲ್ಲಿರಿಸಿ, ಅಂಕಣಗಳ ನಡುವೆ ಅಲ್ಪವಿರಾಮದ ಬದಲು ಟ್ಯಾಬ್ ಬಳಸಬೇಕು. ‘1,25,000’ ಎಂಬ ಮೊತ್ತದಲ್ಲೇ ಅಲ್ಪವಿರಾಮ ಬರುತ್ತದಷ್ಟೆ. ‘ಕಟ್’ ಆದೇಶದಿಂದ ಆ ಎರಡು ಅಂಕಣಗಳನ್ನಷ್ಟೇ ತೆಗೆದು, ‘|’ ಚಿಹ್ನೆಯ ಮೂಲಕ ಸಾರ್ಟ್‌ಗೂ ಅಲ್ಲಿಂದ ‘ಯೂನಿಕ್’ ಆದೇಶಕ್ಕೂ ದಾಟಿಸಬೇಕು. ಯೂನಿಕ್‌ಗೆ ಅಡ್ಡಗೆರೆ ಮತ್ತು ‘ಡಿ’ ಸೇರಿಸಿದರೆ ಮರುಕಳಿಸಿದ ಸಾಲುಗಳನ್ನಷ್ಟೇ ತೋರಿಸುತ್ತದೆ. ಅದು ನೋಡುವುದು ಅಕ್ಕಪಕ್ಕದ ಸಾಲುಗಳನ್ನು ಮಾತ್ರ. ಆದ್ದರಿಂದಲೇ ಸಾರ್ಟ್ ಮೊದಲು ನಡೆಯಬೇಕು. ಬೇರೆ ಬೇರೆ ತೆರಿಗೆ ದರಗಳಿರುವ ಒಂದೇ ಬಿಲ್ಲನ್ನು ಎರಡು ಸಾಲುಗಳಲ್ಲಿ ಬರೆದಿದ್ದರೆ ಅದೂ ಕಾಣಿಸಿಕೊಳ್ಳುವುದು, ಅದು ತಪ್ಪಲ್ಲ.

ನಿಜವಾದ ತಪ್ಪುಗಳು ಅಡಗುವುದು ಬೇರೆಡೆ. ಒಬ್ಬ ಗುಮಾಸ್ತರು 0098 ಎಂದು ಬರೆದುದನ್ನು ಇನ್ನೊಬ್ಬರು 98 ಎಂದು ಬರೆದರೆ ಯಂತ್ರಕ್ಕೆ ಅವು ಬೇರೆ ಬೇರೆ ಬಿಲ್ಲುಗಳು. ಸ್ಪ್ರೆಡ್‌ಶೀಟ್ ತಂತ್ರಾಂಶಗಳು ಮೊದಲಿನ ಸೊನ್ನೆಗಳನ್ನು ತಾವೇ ಅಳಿಸುವುದೂ ಉಂಟು. ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗ ಸಹ ಸಾಕು. ಅಂಕಣವನ್ನು ಮೊದಲೇ ಒಂದೇ ರೂಪಕ್ಕೆ ತಂದುಕೊಳ್ಳದೆ ಆದೇಶ ನೀಡಿದರೆ ‘ಮರುಕಳಿಕೆ ಇಲ್ಲ’ ಎಂಬ ಹುಸಿ ನೆಮ್ಮದಿಯಷ್ಟೇ ಸಿಕ್ಕೀತು.

ಜೋಡಿಸಿದ ಪಟ್ಟಿಯನ್ನು ‘>’ ಚಿಹ್ನೆಯಿಂದ ಉಳಿಸುವಾಗ ಮೂಲ ಕಡತದ ಹೆಸರನ್ನೇ ಕೊಡಬಾರದು. ಲಿನಕ್ಸ್‌ನಲ್ಲಿ ಸಾರ್ಟ್ ಓದಲು ತೊಡಗುವ ಮೊದಲೇ ಆ ಕಡತ ಬರಿದಾಗಿರುತ್ತದೆ.