ಬಾಗೂರು ಸೀಮೆಯ ಕೆರೆಗಳೂ ಮೀನು ವಿದ್ಯಾರ್ಥಿಗಳ ಶೋಧನೆಯೂ

ಹೊಸದುರ್ಗ ತಾಲ್ಲೂಕಿನ ಬಾಗೂರು ಸೀಮೆಯು ಮಳೆ ಅಲ್ಪವಾದ ಬಯಲುನಾಡು. ಮುಂಗಾರಿನ ಮೋಡಗಳು ಇಲ್ಲಿ ಮುಖ ತೋರಿಸಿ ಸಾಗುವುದೇ ಹೆಚ್ಚು. ಕೆರೆಗಳಿಗೆ ನೀರು ಬರುವುದು ಬಹುಮಟ್ಟಿಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯಿಂದ. ಈ ಪ್ರಾಂತದ ನೀರನ್ನು ನಂಬುವುದೆಷ್ಟು ಕಷ್ಟವೆಂಬುದಕ್ಕೆ ನೆರೆಯ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವೇ ಸಾಕ್ಷಿ. ವೇದಾವತಿಗೆ ಅಡ್ಡಲಾಗಿ 1907 ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯವು 1933 ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದುದು 2022 ರಲ್ಲಿ.

ಇಂತಹ ನೀರಿನಲ್ಲಿ ಮೀನು ಸಾಕುವವರಿಗೆ ಕೆರೆಯ ಸ್ವಭಾವವನ್ನು ಅರಿಯುವುದು ಅವಶ್ಯಕ. ಆ ಕೆಲಸಕ್ಕೆ ವಿದ್ಯಾರ್ಥಿಗಳು ಒದಗುವರು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969 ರಲ್ಲಿ ಸ್ಥಾಪಿತವಾಯಿತು. ಭರತಖಂಡದಲ್ಲಿ ಈ ಬಗೆಯ ಕಾಲೇಜುಗಳಲ್ಲಿ ಅದೇ ಮೊದಲನೆಯದು. 1987 ರಲ್ಲಿ ಹುಟ್ಟಿದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ವನ್ಯಜೀವಿ ಮತ್ತು ಪರಿಸರ ಶಾಸ್ತ್ರಗಳ ವ್ಯಾಸಂಗವು ನಡೆದುಬಂದಿದೆ. ಇಂತಹ ಸಂಸ್ಥೆಗಳ ವಿದ್ಯಾರ್ಥಿಗಳು ಒಂದು ಕೆರೆಯನ್ನು ಆರಿಸಿಕೊಂಡು ತಿಂಗಳು ತಿಂಗಳಿಗೂ ಬಂದು ಪರೀಕ್ಷಿಸುವುದುಂಟು. ಹುಡುಗರು ಸೀಸೆ ಹಿಡಿದು ದಡದಲ್ಲಿ ಕಾಲ ಕಳೆಯುತ್ತಿರುವರೆಂದು ನಗುವವರು ಅವರ ಕೆಲಸವನ್ನು ತಿಳಿದವರಲ್ಲ.

ಕಪ್ಪು ಬಿಳುಪು ಬಣ್ಣ ಬಳಿದ ತಟ್ಟೆಯೊಂದನ್ನು ಹಗ್ಗ ಕಟ್ಟಿ ನೀರಿಗಿಳಿಸಿ, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುವುದೆಂದು ಅಳೆಯುವರು. ನೀರು ಎಷ್ಟು ಬಗ್ಗಡವೆಂಬುದು ಇದರಿಂದ ಗೊತ್ತಾಗುವುದು. ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನು ನಸುಕಿನಲ್ಲಿ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡುವರು. ಪಾಚಿಯು ಹಗಲು ಬಿಸಿಲಿನಲ್ಲಿ ಪ್ರಾಣವಾಯುವನ್ನು ಬಿಡುವುದು, ರಾತ್ರಿ ತಾನೇ ಹೀರುವುದು. ಆದುದರಿಂದ ಮೋಡ ಕವಿದ ದಿನಗಳಲ್ಲಿ ಬೆಳಗಿನ ಜಾವಕ್ಕೆ ಮೀನುಗಳು ಮೇಲೆದ್ದು ಬಾಯಿ ತೆರೆಯುವುವು, ಕೆಲವೊಮ್ಮೆ ಸಾಯುವುವು. ಯಾರೋ ವಿಷ ಹಾಕಿದರೆಂದು ಜಗಳವಾಡುವುದಕ್ಕೆ ಮೊದಲು ಈ ಲೆಕ್ಕವನ್ನು ನೋಡತಕ್ಕದ್ದು.

ಮೀನಿನ ಹೊಟ್ಟೆಯನ್ನು ಸೀಳಿ ಅದು ತಿಂದುದೇನೆಂದೂ, ಮೊಟ್ಟೆ ಯಾವ ತಿಂಗಳಲ್ಲಿ ಬಲಿಯುವುದೆಂದೂ ಬರೆದುಕೊಳ್ಳುವರು. ಈ ಸೀಮೆಗೆ ಮುಖ್ಯವಾದ ವಿಷಯವು ಇಲ್ಲಿಯೇ ಇದೆ. ಕಾಟ್ಲ, ರೋಹು, ಮೃಗಾಲ್ ಜಾತಿಗಳು ನಿಂತ ನೀರಿನಲ್ಲಿ ಮರಿ ಮಾಡವು. ಪ್ರವಾಹದ ಹರಿವು ಅವಕ್ಕೆ ಬೇಕು. 1957 ರಲ್ಲಿ ಒರಿಸ್ಸಾದ ಅಂಗುಲದಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನ ತಲೆಯೊಳಗಿನ ಗ್ರಂಥಿಯ ಸತ್ವವನ್ನು ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಮರಿಗಳು ಧಾರಾಳವಾಗಿ ದೊರೆಯುವಂತಾದುದು. ಆದರೆ ಆ ಮರಿಗಳ ಸುಗ್ಗಿಯು ಮುಂಗಾರಿನಲ್ಲಿ, ಮುಖ್ಯವಾಗಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಆಗ ಬಾಗೂರು ಕಡೆಯ ಅನೇಕ ಕೆರೆಗಳಲ್ಲಿ ನೀರೇ ಇರದು! ನೀರು ಬರುವ ವೇಳೆಗೆ ಬಿತ್ತನೆಯ ಕಾಲ ಮೀರಿರುವುದು. ಅವಸರದಿಂದ ತಂದು ಬಿಟ್ಟ ಅಂಗುಲದಷ್ಟು ಮರಿಗಳು ಕೊರವ ಮೀನಿನ ಬಾಯಿಗೆ ಬೀಳುವುವು.

ಇದಕ್ಕೆ ಉಪಾಯವು ಜಮೀನುದಾರರ ಕೈಯಲ್ಲಿಯೇ ಇದೆ. ಕೊಳವೆಬಾವಿಯ ನೀರು ತುಂಬಿದ ಕೃಷಿಹೊಂಡವುಳ್ಳವರು ಸಣ್ಣ ಮರಿಗಳನ್ನು ಜುಲೈನಲ್ಲಿಯೇ ತಂದು ಎರಡು ಮೂರು ತಿಂಗಳು ಹೊಂಡದಲ್ಲಿ ಸಾಕಿದರೆ, ಕೆರೆಗೆ ನೀರು ಬರುವಷ್ಟರಲ್ಲಿ ಅವು ಬೆರಳುದ್ದವಾಗುವುವು. ಅಂತಹ ಮರಿಗಳು ಶತ್ರುಗಳಿಂದ ತಪ್ಪಿಸಿಕೊಳ್ಳಬಲ್ಲುವು. ಕೆರೆಯ ಗುತ್ತಿಗೆದಾರರಿಗೆ ಮಾರಿದರೆ ಹೊಂಡದ ಒಡೆಯನಿಗೂ ಆದಾಯ.

ಎಷ್ಟು ಮರಿ ಬಿಡಬೇಕೆಂಬುದನ್ನೂ ತುಂಬಿದ ಕೆರೆಯನ್ನು ನೋಡಿ ನಿರ್ಧರಿಸಬಾರದು. ತುಂಬಿದಾಗ 20 ಹೆಕ್ಟೇರು ಹರಡುವ ಕೆರೆಯು ಮಾರ್ಚಿಯಲ್ಲಿ 5 ಹೆಕ್ಟೇರಿಗೆ ಇಳಿಯುವುದಾದರೆ, ಮೀನುಗಳು ನಾಲ್ಕು ಪಟ್ಟು ಇಕ್ಕಟ್ಟಿನಲ್ಲಿ ಬೇಸಗೆ ಕಳೆಯಬೇಕು. ವಿದ್ಯಾರ್ಥಿಯು ಹನ್ನೆರಡು ತಿಂಗಳೂ ಬರಬೇಕೆನ್ನುವುದು ಇದಕ್ಕಾಗಿಯೇ.

ಆಫ್ರಿಕದ ಕ್ಯಾಟ್‌ಫಿಶ್ ಎಂಬ ಮೀನನ್ನು ಮಾತ್ರ ಯಾವ ಕೆರೆಗೂ ಸೇರಿಸಕೂಡದು. ಅದರ ಸಾಕಣೆಯು ನಿಷಿದ್ಧ. ಅದು ಸಿಕ್ಕಿದ ಮೀನನ್ನೆಲ್ಲ ನುಂಗಿ, ಕೋಡಿ ಹರಿದಾಗ ಮುಂದಿನ ಕೆರೆಗೂ ಹೋಗುವುದು.

ಕೆರೆಯಂಗಳಕ್ಕೆ ಚಳಿಗಾಲದಲ್ಲಿ ಬರುವ ಹಕ್ಕಿಗಳನ್ನು ಎಣಿಸುವ ವಿದ್ಯಾರ್ಥಿಗಳೂ ಉಂಟು. ಮೀನು ತಿನ್ನುವ ಕೊಕ್ಕರೆಯನ್ನು ಗುತ್ತಿಗೆದಾರನು ಶಪಿಸುವುದು ಸಹಜ. ಆದರೂ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವು ಒಂದು ನೀರಾವರಿ ಕೆರೆ. ಅಲ್ಲಿನ ಜಾಲಿಮರಗಳಲ್ಲಿ ನೆಲೆಸಿದ ಹಕ್ಕಿಗಳಿಂದಾಗಿ ಅದು 2024 ರಲ್ಲಿ ರಾಮ್‌ಸಾರ್ ಪಟ್ಟಿಯನ್ನು ಸೇರಿ ಲೋಕಪ್ರಸಿದ್ಧವಾಯಿತು.

ವಿದ್ಯಾರ್ಥಿಗಳಿಗೆ ಗ್ರಾಮದ ಮುಖಂಡರು ಕೊಡಬಹುದಾದ ನೆರವಿಗೆ ಖರ್ಚು ಅಲ್ಪ. ಕೆರೆ ಯಾವ ವರ್ಷ ತುಂಬಿತು, ಯಾವ ವರ್ಷ ಬತ್ತಿತು, ಮೊದಲು ಯಾವ ಮೀನು ಸಿಕ್ಕುತ್ತಿತ್ತು ಎಂಬುದನ್ನು ಊರ ಹಿರಿಯರಿಂದ ಹೇಳಿಸಬಹುದು. ಗುತ್ತಿಗೆಯ ಹಳೆಯ ಕಾಗದಗಳನ್ನು ತೋರಿಸಬಹುದು. ತೂಬಿನ ಕಲ್ಲಿನ ಮೇಲೆ ಅಡಿ ಅಡಿಗೂ ಗುರುತು ಹಾಕಿಸಿ, ನೀರಗಂಟಿಯಿಂದ ವಾರಕ್ಕೊಮ್ಮೆ ನೀರಿನ ಮಟ್ಟವನ್ನು ಪುಸ್ತಕದಲ್ಲಿ ಬರೆಯಿಸಿದರೆ, ಮುಂದಿನ ಗುತ್ತಿಗೆಯ ಹರಾಜಿನ ದಿನ ಆ ಪುಸ್ತಕವನ್ನು ಪಂಚಾಯಿತಿಯ ಮುಂದಿಡಬಹುದು.